ಮಾರುವ ಎಣ್ಣೆ, ತಿನ್ನುವ ಎಣ್ಣೆ

ಮಂಡ್ಯದ ಜಿಲ್ಲಾಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ
ಕಾಗದದ ಪಟ್ಟಿ ಹಿಡಿದು ಅಳೆದೆ:
ಹಿಂದಿನ ಮಂಗಳವಾರ ನಾಲ್ಕು ಸೆಂಟಿಮೀಟರು.
ಆವತ್ತೂ ನಾಲ್ಕೇ.
"ಅದ್ಯಾಕವ್ವ ಹಿಂಗೆ ಹಟ ಮಾಡ್ತದೆ ಇದು,"
ಗುತ್ತಲು ರಸ್ತೆಯ ಗಾಣದ ಕೆಂಪಾಜಮ್ಮ
ತನ್ನ ಕಾಲನ್ನೇ ಮೊಮ್ಮಗುವಿನ ಹಾಗೆ ಗದರಿದಳು.

ಮೋಟಾರಿನ ಬೆಲ್ಟು ಕಿತ್ತು ಬಡಿದದ್ದು ಯುಗಾದಿಗೆ ಮುಂಚೆ.
ಸಕ್ಕರೆ ಕಾಯಿಲೆ ಇಲ್ಲ. ರಕ್ತ ಚೆನ್ನಾಗಿದೆ.
ಕೀವಿಲ್ಲ, ವಾಸನೆಯಿಲ್ಲ.
ಅಂಚು ಮಾತ್ರ ಬೇಸಗೆಯ ಗದ್ದೆಬದುವಿನಂತೆ ಗಟ್ಟಿ,
ಕೂದಲೆಳೆಯಷ್ಟೂ ಒಳಕ್ಕೆ ಸರಿದಿಲ್ಲ.

"ಏನು ತಿಂತೀರಿ?"
"ಮುದ್ದೆ, ಉಪ್ಸಾರು, ಇನ್ನೇನು."
"ಒಗ್ಗರಣೆಗೆ?"
ಅಲ್ಲಿ ಸುಮ್ಮನಾದಳು.
ಬೆರಳ ಸಂದಿಯ ಜಿಡ್ಡನ್ನು ಸೆರಗಿಗೆ ಒರೆಸಿ
ಬಾಗಿಲ ಕಡೆ ನೋಡಿ, ದನಿ ಇಳಿಸಿ:
"ಪ್ಯಾಕೆಟ್ಟು ಕಣವ್ವ.
ಗಾಣದ್ದು ಮಾರಾಕೆ. ಒಂದು ಲೀಟರು ಮಾರಿದ್ರೆ
ಮೂರು ಪ್ಯಾಕೆಟ್ಟು ಬತ್ತದೆ.
ಹಿಂಡೀನ ಎಮ್ಮೆಗೆ ಹಾಕ್ತೀನಿ."
ಎಮ್ಮೆಯ ಮೈ ಕನ್ನಡಿಯಂತಿದೆಯಂತೆ.

ಆಹಾರ ನೋಡುವ ಫರ್ಹಾನಾ ಬಂದು ಕೂತಳು,
ಔಷಧಿ ಚೀಟಿಯ ಬೆನ್ನ ಮೇಲೆ ಒಂದು ಜೀವಕೋಶ ಬರೆದಳು.
"ಇದರ ಗೋಡೆ ಕಟ್ಟೋದು ಜಿಡ್ಡಲ್ಲಿ, ಅಜ್ಜಿ.
ನೀವು ತಿಂದ ಜಿಡ್ಡೇ ಗೋಡೆ.
ಗಾಯ ಆದಾಗ ಅದರಿಂದಲೇ ಒಂದು ಚೂರು ಕಿತ್ತು
ಮೈ ಬೆಂಕಿ ಹಚ್ಚುತ್ತೆ: ಊತ, ಕೆಂಪು, ಬಿಸಿ.
ಅದು ಬೇಕು, ಕಸ ಸುಡಬೇಕಲ್ಲ.
ಆಮೇಲೆ ಆರಿಸೋಕೆ ಬೇರೆ ಜಿಡ್ಡು,
ಅಗಸೆಯಲ್ಲಿ, ಮೀನಲ್ಲಿ ಇರೋ ಅಂಥದ್ದು.
ಮೊದಲೇ ಅದನ್ನೇ ಸುರಿದರೆ
ಬೆಂಕಿ ಸರಿಯಾಗಿ ಹತ್ತಲ್ಲ ಅಂತಲೂ ಹೇಳ್ತಾರೆ.
ಎಷ್ಟು ಅನ್ನೋದು ನಮಗೂ ಇನ್ನೂ ಪೂರ್ತಿ ಗೊತ್ತಿಲ್ಲ."

ಕೆಂಪಾಜಮ್ಮ ನಕ್ಕಳು:
"ಹದ ಅನ್ನು. ಕಾಳು ಒಣಗಿದ್ರೆ ಎಣ್ಣೆ ಬುಡಾಕಿಲ್ಲ,
ನೀರು ಹೆಚ್ಚಾದ್ರೆ ಹಿಂಡಿ ಕಟ್ಟಾಕಿಲ್ಲ.
ಐವತ್ತು ವರ್ಸ ಬೆರಳಲ್ಲೇ ನೋಡಿವ್ನಿ."

ಮುಂದಿನ ವಾರಗಳಲ್ಲಿ
ಅಗಸೆ ಚಟ್ನಿಪುಡಿ, ನಾಲೆಯ ಕುಚ್ಚು ಮೀನಿನ ಸಾರು,
ತಾನೇ ಹಿಂಡಿದ ಹುಚ್ಚೆಳ್ಳೆಣ್ಣೆ ಒಂದು ಸಣ್ಣ ಚಮಚ,
ಜೊತೆಗೆ ಮೊಟ್ಟೆ, ಜೊತೆಗೆ ನನ್ನ ಬಿಗಿ ಪಟ್ಟಿ,
ಕಾಲು ಎತ್ತಿಟ್ಟು ಮಲಗಿದ ಮಧ್ಯಾಹ್ನಗಳು.
ಯಾವುದರಿಂದ ಎಂದು ನಾನು ಹೇಳಲಾರೆ.
ಮೂರೂವರೆ. ಮೂರು.
ದಾಳಿಂಬೆ ಕಾಳಿನಂಥ ಕೆಂಪು ತಳದಿಂದ ಎದ್ದಿತು.
ಒಂದೂಮುಕ್ಕಾಲು.

ಈ ಮಂಗಳವಾರ ಬಂದವಳು
ಟ್ರೇ ಪಕ್ಕ ಒಂದು ಬಾಟಲಿ ಇಟ್ಟಳು.
"ನಿಂಗೆ. ದುಡ್ಡು ಬ್ಯಾಡ.
ನಿನ್ನೂ ಕೇಳ್ತೀನಿ ಈಗ, ಒಗ್ಗರಣೆಗೆ ಏನವ್ವ?"

ನಾನು ಬಗ್ಗಿ
ಬ್ಯಾಂಡೇಜಿನ ತುದಿ ಹುಡುಕಿದೆ.