ಹಿಟ್ಟಿನ ಬೆಳಕು

ಬನಹಟ್ಟಿ. ರಾತ್ರಿ ಪಾಳಿ. ಕರೆಂಟು ಹೋಗಿ ಬಂತು.
ನಾಕು ಟ್ಯೂಬು ಹತ್ತಿದವು. ನನ್ನ ತಲಿ ಮ್ಯಾಲಿನ ಐದನೇದು
ಪಿಳಿಪಿಳಿ ಕಣ್ಣು ಬಿಟ್ಟು
ಒಲ್ಲೆ ಅಂತು.

ಮಕ್ತುಮಸಾಬ ಸ್ಟೂಲ್ ಹಾಕಿ ಏರಿದ.
ಕಿರುಬೆರಳಿನುದ್ದದ ಸ್ಟಾರ್ಟರ್ ತಿರುವಿ ತೆಗೆದು
ಕಿವಿ ಹತ್ರ ಅಲ್ಲಾಡಿಸಿದ, ತತ್ತಿ ಕೆಟ್ಟೈತೇನು ನೋಡಿದಂಗ.
'ಇದರೊಳಗೊಂದು ಪಟ್ಟಿ ಐತಿ, ಸಾವಂತ್ರಿ.
ಬಿಸಿ ಹತ್ತಿದರ ಬಾಗಿ ಮುಟ್ಟತೈತಿ,
ಮುಟ್ಟಿ ತಣ್ಣಗಾದರ ಕೈ ಬಿಡತೈತಿ.
ಅಷ್ಟರಾಗ ಟ್ಯೂಬಿನ ಎರಡೂ ತುದಿ ಕಾದಿರತಾವ.
ಕೈ ಬಿಟ್ಟ ಗಳಿಗಿಗೆ ಚೋಕ್ ಜಾಡಿಸಿ ಒದೀತೈತಿ.
ಈ ತುದಿಯಿಂದ ಆ ತುದಿಗೆ ಕರೆಂಟು ಜಿಗೀಬೇಕಲ್ಲ,
ನಡುವ ತಂತಿ ಇಲ್ಲ.'

'ಮತ್ತೇನೈತಿ?'
'ಪಾದರಸ. ಹನಿಗಿಂತ ಕಮ್ಮಿ, ಆವಿಯಾಗಿ ಕೊಳವಿ ತುಂಬ.
ಕರೆಂಟು ಅದಕ್ಕ ಢಿಕ್ಕಿ ಹೊಡೀತೈತಿ,
ಅದು ಬೆಳಕು ಉಗುಳತೈತಿ.'
'ಈ ಬಿಳೀದು?'
'ಅಲ್ಲ. ಕಣ್ಣಿಗೆ ಕಾಣದ್ದು.'

ಕಾಣದ ಬೆಳಕು! ನಕ್ಕೆ.
ಮೂಲಿಯಾಗಿನ ಒಡಕು ಟ್ಯೂಬು ತೋರಿಸಿದ, ಮುಟ್ಟಬ್ಯಾಡ ಅಂದ.
ಗಾಜಿನ ಒಳಮೈಗೆ ಬಿಳಿ ಪುಡಿ,
ರೊಟ್ಟಿ ಬಡಿದು ಎದ್ದಾಗ ಅಂಗೈಗೆ ಉಳಿಯೂ ಹಿಟ್ಟಿನಂಗ.
'ಕಾಣದ್ದನ್ನ ನುಂಗಿ ಕಾಣೂದನ್ನ ಕೊಡೂದು ಇದು.
ಬೆಳಗೂದು ಹಿಟ್ಟು.'

ಆಗ ಹೇಳಿದೆ, ಹೋದ ಮಂಗಳವಾರದ್ದು.
ದುಂಡಪ್ಪ ಸಾವಕಾರ್ರು ಅಂಗಳದಾಗ ಸೀರಿ ಬಿಚ್ಚಿ
ಬಿಸಿಲಿಗೆ ಹಿಡಿದು ಬೈದರು:
ಒಡಲೆಲ್ಲ ದಾಳಿಂಬರಿ,
ನಡುವ ಎರಡು ಗೇಣು ಇಟ್ಟಂಗಿ.
ಎರಡೂ ಕಂಡಿಕಿ ನಾನಽ ಜೋಡಿಸಿದ್ದೆ, ಇದಽ ಟ್ಯೂಬಿನ ಕೆಳಗ.
ಒಂದಽ ಕೆಂಪು ಇತ್ತು, ದೇವರಾಣಿ, ಒಂದಽ.
ನೂರಾ ನಲವತ್ತು ಪಗಾರದಾಗ ಮುರಕೊಂಡರು.

ಮಕ್ತುಮಸಾಬ ಇಳಿಯಲಿಲ್ಲ, ಸ್ಟೂಲಿನ ಮ್ಯಾಲಽ ಕುಂತ.
'ಈ ಹಿಟ್ಟಿನ್ಯಾಗ ಹಸರು ಜಾಸ್ತಿ, ಕೆಂಪು ಕಡಿಮಿ.
ತನ್ನ ಹತ್ರ ಇರದ್ದನ್ನ ಅದು ಹೆಂಗ ತೋರಿಸೀತು?'
'ಸಾವಕಾರ್ರಿಗೆ ಹೇಳಲೇನು?'
'ಹೇಳು. ಅವರು ಪಗಾರ ಎಣಿಸೂದೂ
ಇಂಥಾದರ ಕೆಳಗಽ.'

ಹೊಸ ಸ್ಟಾರ್ಟರ್ ಹಾಕಿದ. ಎರಡು ಸಲ ಪಿಳುಕಿ
ಮೂರನೇ ಸಲ ನಿಂತಿತು.
ಮಗ್ಗದ ಗಾಲಿ ತಿರುಗತಿತ್ತು,
ನೋಡಿದರ ನಿಂತಂಗಽ ಇತ್ತು.
'ನಂಬಿ ಕೈ ಹಾಕಬ್ಯಾಡ,' ಅಂದು ಹ್ವಾದ.
ಟ್ಯೂಬು ಸೆಕೆಂಡಿಗೆ ನೂರು ಸಲ ಆರಿ ಹತ್ತತೈತಂತ.
ನನಗ ಒಂದು ಸಲಾನೂ ಕಂಡಿಲ್ಲ.

ಎರಡು ಕೋನಿನಿಂದ ಎರಡು ಎಳಿ ಕಿತ್ತು
ಎರಡು ಬೆರಳಿಗೆ ಸುತ್ತಕೊಂಡೆ.
ಇಲ್ಲಿ ಎರಡೂ ಒಂದಽ.
ಪಾಳಿ ಬಿಡೂ ಹೊತ್ತಿಗೆ ಮೂಡಲ ಬಾಗಿಲದಾಗ
ಬಿಸಿಲು ಬಂದು ಕುಂತಿರತೈತಿ.
ಕೇಳತೀನಿ.