ಎರಡು ಚೌಕ

ಕಾಟನ್‌ಪೇಟೆಯ ಒಳಗಲ್ಲಿ, ಅಗರಬತ್ತಿ ಗೋದಾಮಿನ ಮೇಲೆ
ಮೂವತ್ತೊಂದು ವರ್ಷ ಮೊಳೆ ಜೋಡಿಸಿದವಳು ನಾನು.
ಈಗ ಕಂಪ್ಯೂಟರು. ಬೆರಳಿನ ಸೀಸದ ಕಪ್ಪು ಹೋಗಿದೆ,
ಅಕ್ಷರವನ್ನು ತಲೆಕೆಳಗಾಗಿ ಓದುವ ಚಾಳಿ ಹೋಗಿಲ್ಲ.

ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ ಗುರುಸಿದ್ದಯ್ಯನವರು
ಮದುವೆ ಕಾಗದಗಳ ನಡುವೆ ತಂದಿಟ್ಟರು ಒಂದು ಹಾಳೆ:
"ಹಳೆ ಬೈಲಾ ಕೈಬಿಟ್ಟು, ಸಾಲಿಗೊಬ್ಬ ಪ್ರತಿನಿಧಿಯ ಪದ್ಧತಿ ತೆಗೆದು,
ಇಡೀ ಬಡಾವಣೆಗೆ ಒಂದೇ ಪಟ್ಟಿಯಿಂದ ಒಂಬತ್ತು ಜನರನ್ನು ಆರಿಸಿ,
ಹೊಸ ಕೊಳವೆಬಾವಿ ಕೊರೆಸಲು ತಮ್ಮ ಒಪ್ಪಿಗೆ ಇದೆಯೇ?"
ಕೆಳಗೆ ಎರಡು ಚೌಕ. ಹೌದು. ಇಲ್ಲ.

ಪ್ರೂಫ್ ನೋಡುವಾಗ ಪೆನ್ಸಿಲು ಅಲ್ಲೇ ನಿಂತಿತು.
"ಸಾರ್, ಇದರಲ್ಲಿ ನಾಲ್ಕು ಪ್ರಶ್ನೆ ಇವೆ, ಕೊಕ್ಕೆ ಒಂದೇ.
ಬಿಡಿಸಿ ಹಾಕಲೇ?"
"ಪೇಪರು ದುಬಾರಿ ಕಣಮ್ಮಾ" ಅಂದರು. "ಜನಕ್ಕೆ ಗೊಂದಲ ಬೇಡ."
ಗೊಂದಲ ನನ್ನ ಕೈಯಲ್ಲಿತ್ತು, ಹನ್ನೆರಡು ಪಾಯಿಂಟಿನಲ್ಲಿ.

ಹಳೆ ಬೈಲಾ ಬರೆದವರು ಓದಿದವರಲ್ಲ.
ಬಲ್ಬು ಕಾರ್ಖಾನೆ ಮುಚ್ಚಿದಾಗ ಕೈಗೆ ಬಂದ ದುಡ್ಡಲ್ಲಿ
ಸೈಟು ಕೊಂಡವರು: ಫೋರ್‌ಮನ್ನುಗಳಿಗೆ ಮೇನ್ ರೋಡು,
ಹೆಲ್ಪರುಗಳಿಗೆ ರಾಜಕಾಲುವೆ ಪಕ್ಕದ ಏಳನೇ ಸಾಲು.
ಏಳನೇ ಸಾಲಿನ ಮನೆ ಇಪ್ಪತ್ತಾರು; ತಲೆ ಎಣಿಸಿದರೆ ಎಂದೂ ಗೆಲ್ಲುವುದಲ್ಲ.
ಅದಕ್ಕೇ ಒಂದು ಕುರ್ಚಿ ಬರೆದಿಟ್ಟಿದ್ದರು,
ಗೆಲ್ಲದವರೂ ಕೂರಲಿ ಅಂತ.
ಆ ಕುರ್ಚಿಯಲ್ಲಿ ಮುನಿಲಕ್ಷ್ಮಮ್ಮ ಹನ್ನೊಂದು ವರ್ಷ ಕೂತು
ಒಂದೇ ಮಾತು ಆಡಿದ್ದಳು: "ಮೊದಲು ಮೋರಿ."

ಬೇಸಿಗೆ. ನಲ್ಲಿಗೆ ಒಣಕೆಮ್ಮು.
ಟ್ಯಾಂಕರಿನವನು ಹೇಳಿದ್ದೇ ಬೆಲೆ.
ಪಾರ್ಕಿನ ಶೆಡ್ಡಿನಲ್ಲಿ ಡಬ್ಬ ಇಟ್ಟರು, ಪಕ್ಕದಲ್ಲಿ ಮಜ್ಜಿಗೆ.
ಕೆಲವರು ಬಾವಿಗೆ ಒತ್ತಿದರು, ಕೆಲವರು ಅಧ್ಯಕ್ಷರ ಮೇಲಿನ ಸಿಟ್ಟಿಗೆ,
ಒಬ್ಬರು, ಎದುರುಮನೆಯವರು 'ಇಲ್ಲ' ಅಂದರೆಂದೇ, 'ಹೌದು' ಅಂದರು.
ಎಲ್ಲವೂ ಮಡಚಿ ಒಂದೇ ಡಬ್ಬದೊಳಗೆ ಬಿದ್ದು
ಒಂದೇ ಮಾತಾಗಿ ಹೊರಬಂದವು.

ಹೌದು: ನೂರ ಎಂಬತ್ತೆಂಟು. ಇಲ್ಲ: ನೂರ ಎಂಬತ್ತಮೂರು.
"ಜನ ಮಾತಾಡಿದ್ದಾರೆ" ಎಂದು ಸೀಮೆಸುಣ್ಣದಲ್ಲಿ ಬರೆದರು.
ಯಾವ ಜನ, ಯಾವುದರ ಬಗ್ಗೆ?
ಬೋರ್ಡು ಚಿಕ್ಕದು.
ಅಸಿಂಧು: ಹತ್ತೊಂಬತ್ತು.
ಎಣಿಕೆಗೆ ನನ್ನನ್ನೂ ಕೂರಿಸಿದ್ದರು. ಒಂದರಲ್ಲಿ,
ನಾನು ಎಳೆದ ಚೌಕಗಳ ಗೊಡವೆಗೇ ಹೋಗದೆ, ಅಂಚಿನ ಖಾಲಿಯಲ್ಲಿ,
ಪೆನ್ಸಿಲಿನಲ್ಲಿ: "ನೀರಿಗೆ ಹೌದು. ಕುರ್ಚಿಗೆ ಇಲ್ಲ."
ದಸ್ತಗೀರ್ ಸಾಬರ ಕೈ, ಗುರುತು ಹತ್ತಿತು;
ಕಾರ್ಖಾನೆಯ ಗೇಟಿಗೆ ನೋಟಿಸು ಬರೆಯುತ್ತಿದ್ದ ಅದೇ ದುಂಡು ಅಕ್ಷರ.
ಪ್ರಶ್ನೆಯನ್ನು ಪೂರ್ತಿ ಓದಿದ ಒಂದೇ ಉತ್ತರ.
ಬುಟ್ಟಿಗೆ ಹೋಯಿತು.

ಹೇಳಿಬಿಡುತ್ತೇನೆ. ನನ್ನ ಮನೆಯೂ ಏಳನೇ ಸಾಲು.
ನಾನೂ 'ಹೌದು' ಒತ್ತಿದೆ.
ನಾಲ್ಕು ದಿನದ ಮುಸುರೆ ಪಾತ್ರೆಗಳು
ಬಚ್ಚಲಲ್ಲಿ ನನ್ನನ್ನೇ ನೋಡುತ್ತಿದ್ದವು.

ಬಾವಿ ಸಾವಿರದ ಇನ್ನೂರು ಅಡಿಗೆ ಬರೀ ಧೂಳು ಉಗುಳಿತು.
ಸೆಪ್ಟೆಂಬರಿನಲ್ಲಿ ರಾಜಕಾಲುವೆ ಅಡುಗೆಮನೆಗೇ ಬಂತು,
ಅಂತೂ ನೀರು.
ಮುನಿಲಕ್ಷ್ಮಮ್ಮ ಸಭೆಗೆ ಹೋಗಿ ಬಾಗಿಲ ಬಳಿ ನಿಂತಳು;
ಅವಳ ಮೋರಿ ನಡಾವಳಿಯಲ್ಲಿ ದಾಖಲಾಗಲಿಲ್ಲ.
ಹಳೇ ಪದ್ಧತಿ ಮರಳಿ ಬೇಕೆ? ಹೊಸ ಬೈಲಾ, ಹನ್ನೆರಡನೇ ಕಲಮು:
ಮೂರರಲ್ಲೆರಡು ಪಾಲು ಒಪ್ಪಬೇಕು.
ತೆಗೆಯಲು ಐದು ಸಾಕಾಗಿತ್ತು.

ಹಿಂದೆಲ್ಲ ಅಚ್ಚು ಮುಗಿದ ಸಂಜೆ ಮೊಳೆ ಬಿಚ್ಚಿ
ಹಕಾರವನ್ನು ಹಕಾರದ ಮನೆಗೆ, ಲಕಾರವನ್ನು ಲಕಾರದ ಮನೆಗೆ
ಸೇರಿಸಿ ದೀಪ ಆರಿಸುತ್ತಿದ್ದೆವು.
ಹಾಳೆಗೆ ಆ ಭಾಗ್ಯವಿಲ್ಲ.

ನಿನ್ನೆ ಫೋನು. ಗುರುಸಿದ್ದಯ್ಯನವರೇ.
"ಇನ್ನೊಂದು ಬರ್ತಾ ಇದೆಯಮ್ಮಾ. ಅದೇ ಸೈಜು,
ಹೌದು ಇಲ್ಲ ಎರಡೂ ಹಾಕಿಡಿ. ಪ್ರಶ್ನೆ ಆಮೇಲೆ ಕಳಿಸ್ತೀನಿ."

ಪರದೆಯ ಮೇಲೆ ಚೌಕಗಳು ಪಕ್ಕಪಕ್ಕ ಕೂತಿವೆ.
ಮೇಲಿನ ಬಿಳಿಯಲ್ಲಿ ಕರ್ಸರು
ಕಣ್ಣು ಬಡಿಯುತ್ತಿದೆ, ಬಡಿಯುತ್ತಿದೆ.
ಮೂರನೆಯದೊಂದು ಚೌಕ ಎಳೆದೆ; ಅಳಿಸಿದೆ;
ಮತ್ತೆ ಎಳೆದೆ.