ಹುಲ್ಲು ಟಿಕೆಟ್ ಕೊಳ್ಳುವುದಿಲ್ಲ

ಬೆಳಗಿನ ನಾಲ್ಕೂ ಹತ್ತಕ್ಕೆ ನನ್ನ ಬಸ್ಸು.
ಊರಿನ ಹೆಸರು ಆಗುವಾಸ್ ಲಿಂದಾಸ್,
ಅಂದರೆ ಚೆಂದದ ನೀರು.
ಈ ಹೊತ್ತಿಗೆ ನೀರೆಂದರೆ
ಸರತಿಯಲ್ಲಿ ನಿಂತವರ ಒದ್ದೆ ತಲೆ, ಅಷ್ಟೆ.

ಇಪ್ಪತ್ತೆರಡು ವರ್ಷದಿಂದ ಇದೇ ಕಂಡಕ್ಟರ್ ಸೀಟು,
ಇದೇ ಚಿಲ್ಲರೆ ಡಬ್ಬಿ.
ಹತ್ತಿದವರ ಮುಖ ನೋಡಬೇಕಿಲ್ಲ ನನಗೆ.
ಫಿನೈಲಿನ ವಾಸನೆ ಬಂದರೆ ಎಡಿಲೆಯುಜಾ,
ಸಚಿವಾಲಯದ ಏಳನೇ ಮಹಡಿ ಒರೆಸುವವಳು.
ಬೆಣ್ಣೆಯ ವಾಸನೆಗೆ ಒಸ್ಮರಿನಾ,
ಮಡಿಲಲ್ಲಿ ಮರಗೆಣಸಿನ ರೊಟ್ಟಿಯ ಬುಟ್ಟಿ.
ಏನೂ ವಾಸನೆಯಿಲ್ಲದವನು ಕಾವಲಿನ ಜೊವೆಲಿನೊ,
ಇಸ್ತ್ರಿ ಮಾಡಿದ ಅಂಗಿಯೊಳಗೆ ಮುದುಡಿದ ನಿದ್ದೆ.

ಬ್ರಸೀಲಿಯಾವನ್ನು ಕಾಗದದ ಮೇಲೆ ಬರೆದವರು
ರೆಕ್ಕೆ ಬರೆದರು, ಬಾಲ ಬರೆದರು.
ಮನೆಗಳಿಗೊಂದು ಕಡೆ, ಕಚೇರಿಗಳಿಗೊಂದು ಕಡೆ,
ಬ್ಯಾಂಕುಗಳೆಲ್ಲ ಒಟ್ಟಿಗೆ, ಹೋಟೆಲುಗಳೆಲ್ಲ ಒಟ್ಟಿಗೆ,
ಕಾಳು ಕಾಳು ಬೇರೆ ಮಾಡಿಟ್ಟ ಡಬ್ಬಿಗಳ ಹಾಗೆ.
ನನ್ನಪ್ಪ ಅದಕ್ಕೆ ಗಾರೆ ಹಾಕಿದವನು.
ಅವನಿಗೆ ಯಾವ ಡಬ್ಬಿ ಎಂದು ಬರೆದಿರಲಿಲ್ಲ.
ಹಾಳೆ ಮುಗಿದ ಮೇಲೂ ಉಳಿಯುತ್ತದಲ್ಲ ಮೇಜು,
ಅಲ್ಲಿ ಮನೆ ಕಟ್ಟಿದ.

ಆ ಊರಲ್ಲಿ ಬೀದಿಗೆ ಮೂಲೆಯಿಲ್ಲ.
ಎರಡು ರಸ್ತೆ ಎದುರಾದರೆ
ಒಂದು ಬಗ್ಗಿ ಇನ್ನೊಂದರ ಕೆಳಗೆ ನುಸುಳುತ್ತದೆ,
ಮಾತು ಬಿಟ್ಟ ಓರಗಿತ್ತಿಯರ ಹಾಗೆ.
ಮೂಲೆಯಿಲ್ಲದ ಮೇಲೆ
ಕಾಫಿ ಮಾರುವವಳು ಎಲ್ಲಿ ನಿಲ್ಲಬೇಕು?
ಮೂಲೆಯೇ ಇಲ್ಲದ ಊರು
ಹೇಗೋ ನಮ್ಮನ್ನು ಮೂಲೆಗುಂಪು ಮಾಡಿತು.

ನಾನು ಓದಿದ್ದು ಐದನೇ ಕ್ಲಾಸು. ಒಂದು ಲೆಕ್ಕ ಮಾತ್ರ ಬರುತ್ತದೆ.
ರೆಸೀಫೆಯಲ್ಲಿ, ತಂಗಿಯ ಊರಲ್ಲಿ, ನೋಡಿದ್ದೇನೆ:
ಮೀನಿನವಳು ಇಳಿದ ಸೀಟಿಗೆ ಮೇಷ್ಟ್ರು,
ಮೇಷ್ಟ್ರು ಇಳಿದ ಸೀಟಿಗೆ ಬಸುರಿ,
ಅವಳು ಆಸ್ಪತ್ರೆಗೆ ಇಳಿದರೆ ಇನ್ಯಾರೋ.
ಒಂದು ಸೀಟು ಒಂದು ಟ್ರಿಪ್ಪಿಗೆ ನಾಲ್ಕು ಸಲ ದುಡಿಯುತ್ತದೆ.
ನನ್ನ ಬಸ್ಸಲ್ಲಿ ಕೂತವಳು ಕೊನೆಯವರೆಗೂ ಅವಳೇ.
ನಡುವೆ ಹುಲ್ಲು.
ಇಪ್ಪತ್ತು ನಿಮಿಷ ಹುಲ್ಲು, ಆಮೇಲೆ
ಹುಲ್ಲು.
ಹುಲ್ಲು ಕೈ ಅಡ್ಡ ಹಿಡಿಯುವುದಿಲ್ಲ.
ಹುಲ್ಲು ಟಿಕೆಟ್ ಕೊಳ್ಳುವುದಿಲ್ಲ.
ಏಳೂವರೆಗೆ ವಾಪಸು ಹೊರಟರೆ
ನಾನು, ಡ್ರೈವರು, ಯಾರೋ ಮರೆತ ಕೊಡೆ.
ಆ ಖಾಲಿ ಸೀಟುಗಳ ದುಡ್ಡು ಕೊಡುವವರು ಯಾರು?
ಎಡಿಲೆಯುಜಾ.

ಅಲ್ಲಿಗೆ ಮುಗಿಯುವುದಿಲ್ಲ ಅದು.
ಟಿಕೆಟ್ಟಿನ ಬೆಲೆ ಏರಿದ ವಾರ
ಒಸ್ಮರಿನಾ ರೊಟ್ಟಿಯ ಬೆಲೆ ಏರಿಸಿದಳು.
ತಿನ್ನುವವರು ಕಡಿಮೆಯಾದರು.
ಹಿಟ್ಟು ಅರ್ಧ ಮೂಟೆ ಕಡಿಮೆ ತರಿಸಿದಳು.
ನೂರು ಕಿಲೋಮೀಟರ್ ಆಚೆ, ಕೆಂಪು ಇಳಿಜಾರಿನಲ್ಲಿ,
ರಾಜಧಾನಿಯನ್ನು ಒಮ್ಮೆಯೂ ನೋಡದ ವಾಲ್ದೆನೊರ್
ಎರಡು ಸಾಲು ಮರಗೆಣಸು ಕೀಳದೆ ಬಿಟ್ಟ.
ನೆಲದೊಳಗೇ ಬಲಿತು ನಾರಾಯಿತು.
ಗೆರೆ ಎಳೆದ ಕೈ ಎಷ್ಟು ಉದ್ದ ನೋಡಿ.

ನಮ್ಮೂರ ಕ್ಷೌರಿಕ ಭಾನುವಾರ ಮಾತ್ರ ಬಾಗಿಲು ತೆರೆಯುತ್ತಾನೆ,
ಮಿಕ್ಕ ದಿನ ಊರಲ್ಲಿ ತಲೆಗಳೇ ಇರುವುದಿಲ್ಲ.
ದುಡಿದದ್ದು ಅಲ್ಲಿ, ಉಂಡದ್ದು ಅಲ್ಲಿ,
ಚಪ್ಪಲಿ ಕಿತ್ತರೆ ಹೊಲಿಸಿದ್ದೂ ಅಲ್ಲಿ.
ಮನೆಗೆ ಬರುವುದು ನಿದ್ದೆಯೊಂದೇ,
ಅದರಲ್ಲೂ ಅರ್ಧ ನನ್ನ ಬಸ್ಸಲ್ಲಿ ಖರ್ಚಾಗಿರುತ್ತದೆ.

ಆದರೆ ಕಿಟಕಿಯಿಂದ ನೋಡುತ್ತಿರುತ್ತೇನೆ:
ಯಾರೂ ಬರೆಯದ ಕಾಲುದಾರಿಗಳು ಆ ಹುಲ್ಲಿನಲ್ಲಿ,
ಕೆಂಪಗೆ, ಕಸದವರು ತುಳಿದದ್ದು, ತೋಟದವರು ತುಳಿದದ್ದು.
ಒಂದು ಕಡೆ ಎರಡು ದಾರಿ ಒಂದನ್ನೊಂದು ದಾಟುತ್ತವೆ,
ಬಗ್ಗದೆ, ನುಸುಳದೆ.
ಮಂಗಳವಾರ ಒಸ್ಮರಿನಾ ಎದ್ದು ನಿಂತಳು: ಇಲ್ಲಿ ಇಳಿಸು.
ಇಲ್ಲಿ ನಿಲ್ದಾಣವಿಲ್ಲ ಅಂದೆ.
ನಾನು ನಿಂತರೆ ಆಗುತ್ತದೆ ಅಂದಳು.
ಗಂಟೆ ಎಳೆದೆ. ಡ್ರೈವರು ಬೈದ.

ವಾಪಸು ಬರುವಾಗ ಅದೇ ಜಾಗದಲ್ಲಿ
ತೋಟದ ಕತ್ತರಿ ಹಿಡಿದ ಒಬ್ಬ ಕೈ ಅಡ್ಡ ಹಿಡಿದ.
ಚಿಲ್ಲರೆ ಕೊಡುವಾಗ
ಅವನ ಬಾಯಿ ತುಂಬ ರೊಟ್ಟಿ.